ಬಲಗಡೆಯ ಪಾಲಮ್ಮ

ಪಾಲಮ್ಮ ದುರಾಸೆಯ ಹೆಂಗಸು. ಹಣದ ಮೇಲಾಗಲಿ ಒಡವೆಯ ಮೇಲಾಗಲಿ ಅವಳಿಗೆ ಆಸೆಯಿಲ್ಲ. ಅವಳ ದುರಾಸೆಯೆಲ್ಲ ಕೆಲಸದ ಮೇಲೆ. ಇನ್ನೊಬ್ಬರ ಕೈಯಲ್ಲಿ ಒಂದು ಕೆಲಸ ಕಂಡರೆ ಅದನ್ನು ಕಿತ್ತುಕೊಳ್ಳುವವರೆಗೆ ಅವಳಿಗೆ ಸಮಾಧಾನವಿಲ್ಲ. ಇದನ್ನು ತ್ಯಾಗ ಎಂದು ಕರೆಯುವವರು ನಮ್ಮ ಬೀದಿಯಲ್ಲಿ ಬಹಳ ಜನ ಇದ್ದಾರೆ. ನಾನು ಕರೆಯುವುದಿಲ್ಲ. ಸುತ್ತಲಿನವರಿಗೆ ಏನನ್ನೂ ಮಾಡಗೊಡದವರು ಅವರನ್ನು ಕೆಲಸಕ್ಕೆ ಬಾರದವರನ್ನಾಗಿ ಮಾಡುತ್ತಾರೆ, ಆಮೇಲೆ ಅದನ್ನೇ ದೂರುತ್ತಾರೆ.

ಮೊಳಕಾಲ್ಮೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಇಲ್ಲಿನ ಕಾಲೇಜಿಗೆ ಪಾಠ ಹೇಳಲು ಬಂದ ನಾನು ನಿವೃತ್ತಿಯ ಮೇಲೂ ಇಲ್ಲೇ ಉಳಿದೆ. ಆದ್ದರಿಂದ ನನ್ನ ಮಾತಿಗೆ ಮೂವತ್ತು ವರ್ಷಗಳ ಆಧಾರವಿದೆ. ಕಟ್ಟೆಯ ಮೇಲೆ ಜೊತೆಯಾಗಿ ಶೇಂಗಾ ಬಿಡಿಸಲು ಕೂತರೆ ಸ್ವಲ್ಪ ಹೊತ್ತಿನಲ್ಲಿ ನನ್ನ ಮೊರವೂ ಅವಳ ಮಡಿಲಲ್ಲಿರುತ್ತದೆ. ಮಗ ದೇವೇಂದ್ರ ಗೂಡ್ಸ್ ಆಟೋ ಓಡಿಸುವ ಗಂಡಸು, ಚಳ್ಳಕೆರೆಗೂ ಇಲ್ಲಿಗೂ ದಿನಾ ಓಡಾಡುತ್ತಾನೆ. ಅವನ ಅಂಗಿಯ ಗುಂಡಿಯನ್ನು ಇಂದಿಗೂ ಅವಳೇ ಹಾಕಲು ಹೋಗುತ್ತಾಳೆ. ಸೊಸೆ ರಂಜಿತಾ ಈ ಮನೆಗೆ ಬಂದು ಎಷ್ಟೋ ವರ್ಷವಾದರೂ ಸಾರಿಗೆ ಉಪ್ಪು ಹಾಕಿದವಳಲ್ಲ. ಒಮ್ಮೆ ಅವಳು ನನ್ನ ಹತ್ತಿರ ಹೇಳಿದಳು:

"ಮೇಡಮ್, ನನ್ನ ಪರವಾಗಿ ಉಸಿರಾಡೋದೊಂದು ಬಾಕಿ ಐತೆ ನಮ್ಮತ್ತೆಗೆ. ಅದನ್ನೂ ಕಲಿತ್ರೆ ನಾನು ತವರಿಗೆ ಹೋಗ್ತೀನಿ."

ಪಾಲಮ್ಮನ ಗಂಡ ಹೊನ್ನೂರಸ್ವಾಮಿ ನೇಕಾರ. ಇಲ್ಲಿನ ರೇಷ್ಮೆ ಸೀರೆಯಲ್ಲಿ ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ. ಅಂಥ ಸೀರೆಯನ್ನು ಒಬ್ಬರೇ ನೇಯಲಾಗುವುದಿಲ್ಲ. ನೇಕಾರ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಒಡಲಿನ ಲಾಳಿ ಎಸೆಯುತ್ತಾನೆ. ಅವನ ಬಲಗಡೆ ಇನ್ನೊಬ್ಬರು ಕೂತು ಅಂಚಿನ ಲಾಳಿಯನ್ನು ಅವನ ಕೈಗೆ ಕೊಡಬೇಕು, ಮತ್ತೆ ಅವನ ಕೈಯಿಂದ ತೆಗೆದುಕೊಳ್ಳಬೇಕು. ಸೀರೆ ಮುಗಿದ ಮೇಲೆ ಅದನ್ನು ಹೊನ್ನೂರಸ್ವಾಮಿ ನೇಯ್ದ ಎನ್ನುತ್ತಾರೆ. ಬಲಗಡೆ ಕೂತವಳ ಹೆಸರು ಯಾರ ಬಾಯಿಗೂ ಬರುವುದಿಲ್ಲ.

ಪಾಲಮ್ಮ ಹುಟ್ಟಿದ್ದು ಗಡಿಯಾಚೆ, ರಾಯದುರ್ಗದ ಕಡೆ. ಅಲ್ಲಿಯೂ ಮಗ್ಗದ ಮನೆಯೇ. ಕೈ ಎಟುಕುವಷ್ಟು ಬೆಳೆದ ದಿನದಿಂದ ಅಪ್ಪನ ಬಲಗಡೆ ಕೂತಳು. ಮದುವೆಯಾಗಿ ಇಲ್ಲಿಗೆ ಬಂದಾಗ, ಬಳೆಯ ಹೊಳಪು ಮಾಸುವ ಮೊದಲೇ ಅತ್ತೆ ಅವಳನ್ನು ಹೊನ್ನೂರಸ್ವಾಮಿಯ ಬಲಗಡೆ ಕೂರಿಸಿದಳು. ಅಲ್ಲಿಂದ ಅವಳು ಎದ್ದಿಲ್ಲ. ಶ್ರಾವಣದಲ್ಲಿ ಬೀದಿಯವರೆಲ್ಲ ಜೀಪು ಮಾಡಿಕೊಂಡು ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಹೊರಟಾಗ ಪ್ರತಿ ವರ್ಷವೂ ಅವಳದು ಒಂದೇ ಉತ್ತರ: ಮಗ್ಗದ ಮೇಲೆ ಸೀರೆ ಐತೆ. ಮಗ್ಗದ ಮೇಲೆ ಯಾವಾಗಲೂ ಒಂದು ಸೀರೆ ಇದ್ದೇ ಇರುತ್ತಿತ್ತು.

ಜೋಡಿಯಾಗಿ ನೇಯುವಾಗ ಮಾತಿಲ್ಲ, ಒಬ್ಬರ ಮುಖ ಒಬ್ಬರು ನೋಡುವಂತೆಯೂ ಇಲ್ಲ, ಕಣ್ಣು ಎಳೆಯ ಮೇಲಿರುತ್ತದೆ. ನೇಕಾರ ಕೈ ಆಡಿಸುವ ಮೊದಲು ಅವನ ಭುಜ ಒಂದಿಷ್ಟು ಬಿಗಿಯುತ್ತದೆ, ಉಸಿರು ಒಂದು ಕ್ಷಣ ತಡೆಯುತ್ತದೆ. ಪಕ್ಕದವಳ ಕೈ ಆ ಬಿಗಿತಕ್ಕೇ ಏಳಬೇಕು. ಯೋಚಿಸಿ ಎತ್ತಿದರೆ ತಡವಾಯಿತು, ಅಂಚು ಕೆಟ್ಟಿತು. ಪಾಲಮ್ಮನ ಅಂಚು ಕೆಟ್ಟದ್ದನ್ನು ಯಾರೂ ಕಂಡಿಲ್ಲ.

ಹೋದ ಮಳೆಗಾಲದ ಕೊನೆಯಲ್ಲಿ ಹೊನ್ನೂರಸ್ವಾಮಿಗೆ ಮಗ್ಗದಲ್ಲೇ ಲಕ್ವ ಹೊಡೆಯಿತು. ಅವಳು ಎಂದಿನಂತೆ ಲಾಳಿ ನೀಡಿದಳು; ತೆಗೆದುಕೊಳ್ಳುವ ಕೈ ಬರಲಿಲ್ಲ. ಲಾಳಿ ಜಾರಿ ಗುಂಡಿಗೆ ಬಿತ್ತು. ದೇವೇಂದ್ರ ಅಪ್ಪನನ್ನು ಆಟೋದಲ್ಲಿ ಮಲಗಿಸಿಕೊಂಡು ಚಳ್ಳಕೆರೆಯ ಒಂದು ಆಸ್ಪತ್ರೆಗೆ ಒಯ್ದ. ಜೀವ ಉಳಿಯಿತು. ಬಲಗಾಲು ಎಳೆಯುತ್ತಿದ್ದರೂ ಹಿಡಿದುಕೊಂಡರೆ ನಡೆಯುವಷ್ಟಾಯಿತು. ಬಲಗೈ ಮಾತ್ರ ಭುಜದಿಂದ ತೂಗುಬಿದ್ದಿತು. ಮಾತೂ ಹೋಯಿತು, ಒಂದು ಪದ ಉಳಿಯಿತು: ವದ್ದು. ಮನೆಯಲ್ಲಿ ಅವರು ಆಡುವುದು ತೆಲುಗು. ವದ್ದು ಎಂದರೆ ಬೇಡ. ಅನ್ನ ಮುಂದಿಟ್ಟರೆ ವದ್ದು ಎನ್ನುತ್ತಿದ್ದ, ಆಮೇಲೆ ತಿನ್ನುತ್ತಿದ್ದ. ಹೊದಿಸಿದರೆ ವದ್ದು, ಹೊದಿಕೆ ತೆಗೆದರೂ ವದ್ದು. ಬಾಯಿಂದ ಬರುವುದು ಅದೊಂದೇ ಆದ್ದರಿಂದ ಅದಕ್ಕೆ ಅರ್ಥವಿದೆಯೆಂದು ಕೆಲವು ದಿನಗಳಲ್ಲೇ ಎಲ್ಲರೂ ಮರೆತರು.

ಆಸ್ಪತ್ರೆಯ ವೈದ್ಯರು ದೇವೇಂದ್ರನಿಗೆ ಸ್ಪಷ್ಟವಾಗಿ ಹೇಳಿ ಕಳಿಸಿದ್ದರು. ಕೈ ಬರುವುದಿದ್ದರೆ ಮೊದಲ ಆರು ತಿಂಗಳಲ್ಲಿ ಬರಬೇಕು. ಅದೂ ರೋಗಿಯೇ ಪ್ರಯತ್ನಪಟ್ಟರೆ. ಬೇರೆಯವರು ಎತ್ತಿ ಇಳಿಸಿದರೆ ಕೀಲು ಹಿಡಿದುಕೊಳ್ಳದಂತೆ ನೋಡಿಕೊಳ್ಳಬಹುದು, ಕೈ ಬರುವುದಿಲ್ಲ. ಆ ಗಡುವು ದಾಟಿದರೆ ಉಳಿದ ಆಯುಷ್ಯವನ್ನು ಹೀಗೆಯೇ ಕಳೆಯಬೇಕಾದೀತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಪಾಲಮ್ಮ ಅದಕ್ಕೊಂದು ಹಳೆಯ ಪಂಚೆ ಹೊದಿಸಿದಳು, ಬಿಚ್ಚಲು ಒಪ್ಪಲಿಲ್ಲ.

ಆ ಆಸ್ಪತ್ರೆಯಲ್ಲಿ ಆಗ ಹೊಸದೊಂದು ಏರ್ಪಾಡು ಶುರುವಾಗಿತ್ತು. ವಯಸ್ಸಾದ ರೋಗಿಗಳ ಮನೆಗೆ ಒಂದು ಟ್ಯಾಬ್ ಕೊಡುತ್ತಿದ್ದರು. ಅದರಲ್ಲಿ ಚಿತ್ರದ ಹೆಂಗಸೊಬ್ಬಳು ಸೀರೆಯುಟ್ಟು ನಿಂತು, ಪುಸ್ತಕದ ಕನ್ನಡದಲ್ಲಿ ವ್ಯಾಯಾಮ ಹೇಳಿಕೊಡುತ್ತಾಳೆ, ತಾನೂ ಮಾಡಿ ತೋರಿಸುತ್ತಾಳೆ. ಟ್ಯಾಬಿನ ಕ್ಯಾಮರಾ ಎದುರಿಗೆ ಕೂತವರನ್ನು ನೋಡಿ ಕೈ ಎಷ್ಟು ಎದ್ದಿತೆಂದು ಅಳೆಯುತ್ತದೆ, ಎದ್ದರೆ ಹೊಗಳುತ್ತದೆ, ದಿನದ ವರದಿಯನ್ನು ಆಸ್ಪತ್ರೆಗೂ ಮಗನ ಫೋನಿಗೂ ಕಳಿಸುತ್ತದೆ. ಇದನ್ನು ನೋಡಿಕೊಳ್ಳಲು ನೇಮಕವಾದವಳು ಮಾಲಾ ಎಂಬ ಫಿಸಿಯೋಥೆರಪಿಸ್ಟ್. ಎರಡು ತಾಲ್ಲೂಕುಗಳಿಗೂ ಅವಳೊಬ್ಬಳೇ. ತಳಕು, ನನ್ನಿವಾಳ ಎಂದು ದಿನವಿಡೀ ಸ್ಕೂಟಿಯಲ್ಲಿ ತಿರುಗುವವಳು. ಯಾರ ವರದಿ ಕೆಟ್ಟದಾಗಿ ಬರುತ್ತದೋ ಅವರ ಮನೆಗೆ ಅವಳು ಹೋಗಬೇಕು, ಚೆನ್ನಾಗಿ ಬಂದವರನ್ನು ಟ್ಯಾಬಿಗೆ ಬಿಡಬೇಕು. ವ್ಯವಸ್ಥೆ ತಪ್ಪೇನಲ್ಲ. ಒಬ್ಬಳಿಗೆ ಇರುವುದು ಎರಡೇ ಕಾಲು.

ಮಾಲಾ ಟ್ಯಾಬನ್ನು ಮಂಚದ ಎದುರಿನ ಗೂಡಿನಲ್ಲಿ ನಿಲ್ಲಿಸಿ, ಎಲ್ಲವನ್ನೂ ತೋರಿಸಿಕೊಟ್ಟು ಹೋದಳು. ಮನೆಯವರು ಚಿತ್ರದ ಹೆಂಗಸಿಗೆ ಟೀಚರಮ್ಮ ಎಂದು ಹೆಸರಿಟ್ಟರು. ಮೊದಲ ವಾರ ಟೀಚರಮ್ಮ ಬಹಳ ತಾಳ್ಮೆಯಿಂದ, ನಿಮ್ಮ ಬಲಗೈಯನ್ನು ನಿಧಾನವಾಗಿ ಮೇಲಕ್ಕೆತ್ತಿ ಎನ್ನುತ್ತಿದ್ದಳು, ಕೈ ಏಳುತ್ತಿರಲಿಲ್ಲ, ಪರವಾಗಿಲ್ಲ, ಮತ್ತೆ ಪ್ರಯತ್ನಿಸೋಣ ಎನ್ನುತ್ತಿದ್ದಳು. ಗೋಡೆಯ ಈಚೆಗೆ ನನಗೆ ಪ್ರತಿ ಬೆಳಿಗ್ಗೆ ಆ ದನಿ ಕೇಳುತ್ತಿತ್ತು. ಎರಡನೆಯ ವಾರ ದನಿ ಬದಲಾಯಿತು. ಶಾಭಾಷ್, ಬಹಳ ಚೆನ್ನಾಗಿ ಮಾಡಿದಿರಿ, ಇನ್ನೂ ಸ್ವಲ್ಪ ಮೇಲಕ್ಕೆ, ಅದ್ಭುತ.

ಆಗಿದ್ದು ಇಷ್ಟು. ಮೊದಲ ವಾರ ಪಾಲಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಅವನು ಒಬ್ಬನೇ ಕೂತರೆ ಬಲಕ್ಕೆ ವಾಲುತ್ತಾನೆಂದು ಎರಡನೆಯ ವಾರದಿಂದ ತಾನೂ ಮಂಚದ ಮೇಲೆ ಕೂರತೊಡಗಿದಳು, ಬಲಗಡೆ. ಚಳಿ ಶುರುವಾಗಿತ್ತು. ಸತ್ತ ಕೈಗೆ ಶೀತ ತಾಗಬಾರದೆಂದು ದೇವೇಂದ್ರ ಚಳ್ಳಕೆರೆಯಿಂದ ತಂದ ಕಂಬಳಿಯನ್ನು ಇಬ್ಬರ ಹೆಗಲಿಗೂ ಸೇರಿಸಿ ಹೊದೆಯುತ್ತಿದ್ದಳು. ಯಾರೂ ಅಡ್ಡ ಬರಬಾರದೆಂದು ಬಾಗಿಲನ್ನೂ ಮುಂದೆ ಮಾಡುತ್ತಿದ್ದಳು. "ನಾಲ್ಕು ಜನ ನಿಂತು ನೋಡಾಕೆ ಇದೇನು ಬಯಲಾಟನಾ?" ಎಂದು ಅವಳು ಸೊಸೆಯನ್ನು ಗದರಿದ್ದು ನನಗೆ ಕೇಳಿಸಿತ್ತು.

ದೇವೇಂದ್ರನ ಸಂತೋಷಕ್ಕೆ ಮಿತಿಯಿರಲಿಲ್ಲ. ಬಸ್‌ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಫೋನಿನ ಹಸಿರು ಗೆರೆಗಳನ್ನು ತೋರಿಸಿ, ನಮ್ಮಪ್ಪ ಎರಡನೇ ಹಂತಕ್ಕೆ ಪಾಸಾದ ಎಂದು ಹೇಳಿಕೊಂಡು ತಿರುಗಿದ. ಅಂಗಡಿಯ ಜಂಬುಲಿಂಗಪ್ಪ, "ಲೇ, ನೀನು ಎಸ್ಸೆಸ್ಸೆಲ್ಸಿ ಪಾಸಾಗ್ಲಿಲ್ಲ, ನಿಮ್ಮಪ್ಪ ಆದ ಬಿಡು" ಎಂದನಂತೆ. ಎರಡನೇ ಹಂತದಲ್ಲಿ ಖಾಲಿ ಲೋಟ ಹಿಡಿದು ಬಾಯಿಯವರೆಗೆ ತರಬೇಕಿತ್ತು. ಅದಕ್ಕೂ ಶಾಭಾಷ್ ಬಂತು. ವರದಿ ಚೆನ್ನಾಗಿದ್ದ ಕಾರಣ ಮಾಲಾ ಬರುವುದು ನಿಂತಿತು. ಅವಳನ್ನು ನಿಜವಾಗಿ ಅಗತ್ಯವಿದ್ದವರ ಕಡೆಗೆ ಕಳಿಸಿದರು.

ಊಟದ ಹೊತ್ತಿಗೆ ಮಾತ್ರ ಆ ಕೈ ಏಳುತ್ತಿರಲಿಲ್ಲ. ಪಾಲಮ್ಮ ಕಲಸಿ ತುತ್ತು ಕೊಡುತ್ತಿದ್ದಳು. ಮಗ ಕೇಳಿದರೆ, ವ್ಯಾಯಾಮ ಮಾಡಿ ದಣಿದಿರುತ್ತಾನೆ, ಊಟಕ್ಕೂ ದಣಿಸಬೇಕಾ ಎನ್ನುತ್ತಿದ್ದಳು. ಅವಳು ಜೀವಮಾನವಿಡೀ ಎಲ್ಲರಿಗೂ ಹಾಗೇ ಮಾಡಿದವಳಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಈ ಹೊತ್ತಿನಲ್ಲೆಲ್ಲ ಹೊನ್ನೂರಸ್ವಾಮಿ ಏನು ಅನುಭವಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ. ಎದುರಿನ ಹೆಂಗಸು ಕೈ ಎತ್ತಿ ಎನ್ನುತ್ತಾಳೆ. ಅವನು ಹಲ್ಲು ಕಚ್ಚಿ ಎತ್ತಲು ನೋಡುತ್ತಾನೆ. ಅವನ ಕೈ ತೊಡೆಯ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿರುತ್ತದೆ. ಎದುರಿನ ಹೆಂಗಸು ಅದ್ಭುತ ಎನ್ನುತ್ತಾಳೆ. ಇಡೀ ಮನೆ ಸಂಭ್ರಮಪಡುತ್ತದೆ. ಅವನಿಗೆ ಬುದ್ಧಿ ಸ್ವಲ್ಪವೂ ಕೆಟ್ಟಿರಲಿಲ್ಲ, ಗಡುವಿನ ಮಾತನ್ನು ಅವನೂ ಕೇಳಿಸಿಕೊಂಡಿದ್ದ. ದಿನಗಳು ಹೋಗುತ್ತಿವೆ, ತನ್ನ ಕೈ ಹೋಗುತ್ತಿದೆ ಎಂಬುದನ್ನು ಅವನು ಹೇಳಿದ್ದೂ ಹೌದು. ಪ್ರತಿ ಶಾಭಾಷ್‌ಗೂ ವದ್ದು ಎಂದ, ಕೆಲವು ದಿನ ಕೂಗಿ ಹೇಳಿದ. ನಾನೇ ಗೋಡೆಯಾಚೆಯಿಂದ ಕೇಳಿದ್ದೇನೆ. ಟೀಚರಮ್ಮ ಹೊಗಳುತ್ತಾಳೆ, ಅವನು ಬೇಡವೆನ್ನುತ್ತಾನೆ, ಪಾಲಮ್ಮ ಸುಮ್ಮನಿರು ಎನ್ನುತ್ತಾಳೆ. ಒಂದು ಮಂಚ, ಒಂದು ಕಂಬಳಿ, ಒಂದು ಪದ. ಅದರೊಳಗೆ ಅವನು ಮಾಘದವರೆಗೆ ಕೂತಿದ್ದ.

ಮೊದಲು ಕಂಡುಹಿಡಿದವಳು ರಂಜಿತಾ. ಒಂದು ಬೆಳಿಗ್ಗೆ ಹಿತ್ತಲಿನ ಕಿಟಕಿಯಿಂದ ನೋಡಿದಾಗ ಕಂಬಳಿಯಿಂದ ಹೊರಗೆ ಬಂದ ಕೈಯಲ್ಲಿ ಬಳೆಗಳಿದ್ದವು. ಅವಳು ಗಂಡನಿಗೆ ಹೇಳಿದಳು. ದೇವೇಂದ್ರ ಅದನ್ನು ಅತ್ತೆ ಸೊಸೆಯ ಜಗಳವೆಂದು ತಿಳಿದ. "ನಮ್ಮಪ್ಪ ಚೆನ್ನಾಗಿ ಆಗ್ತಿರೋದು ನಿನಗೆ ಹೊಟ್ಟೆಕಿಚ್ಚಾ?" ಎಂದು ಕೇಳಿದ. ರಂಜಿತಾ ಚಳ್ಳಕೆರೆಯ ಆಸ್ಪತ್ರೆಗೆ ಫೋನ್ ಮಾಡಿದಳು.

ಮಾಲಾ ಬಂದಳು. ಮನೆಯಲ್ಲಿ ಮಾತು ಏರುತ್ತಿದೆಯೆಂದು ರಂಜಿತಾ ನನ್ನನ್ನು ಕರೆದಳು. ನಾನು ಹೋದಾಗ ಮಾಲಾ ಮಂಚದ ಮುಂದೆ ಮೊಣಕಾಲೂರಿ ಕೂತು ಹೊನ್ನೂರಸ್ವಾಮಿಯ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಿದ್ದಳು. ಬೆರಳುಗಳು ಊದಿಕೊಂಡಿದ್ದವು. ಬಿಟ್ಟರೆ ಕೈ ತಾನಾಗಿ ಕೆಳಗೆ ಬೀಳುತ್ತಿತ್ತು. ಅವಳು ಟ್ಯಾಬಿನ ವರದಿ ನೋಡಿದಳು, ಕೈ ನೋಡಿದಳು, ಮತ್ತೆ ವರದಿ ನೋಡಿದಳು. ಯಾರೋ ಬೇಕೆಂದೇ ಮೋಸ ಮಾಡಿದ್ದಾರೆಂದು ಅವಳಿಗೆ ಅನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ನನಗೂ ಹಾಗೇ ಅನಿಸಿತು. ಹೊರಗಿನ ಹುಡುಗಿ ಆಗಾಗ ಬಂದು ತನ್ನ ಗಂಡನ ಮೈ ಮುಟ್ಟುವುದನ್ನು, ತನ್ನ ಮನೆಯಲ್ಲಿ ಹೀಗೆ ಮಾಡಿ ಹಾಗೆ ಮಾಡಿ ಎನ್ನುವುದನ್ನು ಪಾಲಮ್ಮ ಸಹಿಸುವವಳಲ್ಲ. ಅವಳನ್ನು ದೂರವಿಡಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕಿರಲಿಲ್ಲ.

ಮಾಲಾ ಗದರಲಿಲ್ಲ. ದಿನಾ ಹೇಗೆ ಮಾಡುತ್ತೀರೋ ಹಾಗೇ ಮಾಡಿ, ನಾನು ನೋಡುತ್ತೇನೆ ಎಂದಳು. ಪಾಲಮ್ಮ ಗಂಡನ ಬಲಗಡೆ ಕೂತು ಕಂಬಳಿ ಹೊದ್ದಳು. ಟೀಚರಮ್ಮ ಬಂದು ನಮಸ್ಕರಿಸಿ ಬಲಗೈ ಎತ್ತಲು ಹೇಳಿದಳು. ಹೊನ್ನೂರಸ್ವಾಮಿಯ ಕತ್ತಿನ ನರ ಉಬ್ಬಿತು. ಪಾಲಮ್ಮನ ಬಲಗೈ ಕಂಬಳಿಯಿಂದ ಹೊರಬಂದು ಭುಜದೆತ್ತರಕ್ಕೆ ಏರಿತು. ಅವಳ ಕಣ್ಣು ಟ್ಯಾಬಿನ ಮೇಲೂ ಇರಲಿಲ್ಲ, ಕೈಯ ಮೇಲೂ ಇರಲಿಲ್ಲ. ಎದುರಿನ ಗಾಳಿಯಲ್ಲಿ, ಮಗ್ಗದ ಎಳೆಗಳು ಇರಬೇಕಾದ ಜಾಗದಲ್ಲಿ ಇತ್ತು. ಶಾಭಾಷ್, ಎಂದಿತು ಯಂತ್ರ.

"ಅಜ್ಜಿ, ಎತ್ತಿರೋದು ನಿಮ್ಮ ಕೈ" ಎಂದಳು ಮಾಲಾ.

"ನಾನೆಲ್ಲಿ ಎತ್ತಿದೆ?" ಎಂದಳು ಪಾಲಮ್ಮ. ಕೈ ಇನ್ನೂ ಮೇಲೆಯೇ ಇತ್ತು.

ದೇವೇಂದ್ರನಿಗೆ ನಗು ಬಂತು, ತಕ್ಷಣ ಅದು ಸಿಟ್ಟಾಯಿತು. ಅಮ್ಮನನ್ನು ಬಾಯಿಗೆ ಬಂದಂತೆ ಅಂದ. ಪಾಲಮ್ಮ ತಲೆ ತಿರುಗಿಸಿ ತನ್ನ ಕೈಯನ್ನು ನೋಡಿದಳು, ಬೇರೆ ಯಾರೋ ಅಲ್ಲಿ ಮರೆತು ಹೋದ ವಸ್ತುವನ್ನು ನೋಡುವ ಹಾಗೆ. ಆಮೇಲೆ ಮೆಲ್ಲಗೆ ಇಳಿಸಿದಳು. ಹೊನ್ನೂರಸ್ವಾಮಿ ವದ್ದು ಎಂದ, ಆ ದಿನ ಮೊದಲ ಬಾರಿಗೆ ಎಲ್ಲರೂ ಅದನ್ನು ಕೇಳಿಸಿಕೊಂಡರು.

ಯಂತ್ರ ಒಬ್ಬರನ್ನೇ ನೋಡುತ್ತದೆ, ಇಬ್ಬರಿದ್ದರೆ ಕೈ ಆಡಿಸುವವರನ್ನು ಹಿಡಿದುಕೊಳ್ಳುತ್ತದೆ ಎಂದು ಮಾಲಾ ವಿವರಿಸಿದಳು. ಒಂದೇ ಕಂಬಳಿಯಲ್ಲಿ ಒತ್ತಿ ಕೂತ ಇಬ್ಬರನ್ನು ಅದು ಬೇರ್ಪಡಿಸಲಿಲ್ಲ. ಪರಿಹಾರ ಸುಲಭವೆಂದು ಅವಳೂ ತಿಳಿದಳು, ನಾವೆಲ್ಲರೂ ತಿಳಿದೆವು. ಪಾಲಮ್ಮನನ್ನು ಅಡುಗೆಮನೆಗೆ ಕಳಿಸಿ, ಬೆನ್ನಿಗೆ ದಿಂಬು ಕೊಟ್ಟು ಹೊನ್ನೂರಸ್ವಾಮಿಯನ್ನು ಒಬ್ಬನನ್ನೇ ಕೂರಿಸಿದಳು. ಟೀಚರಮ್ಮ ಕೈ ಎತ್ತಲು ಹೇಳಿದಳು. ಅವನು ಕೇಳಲೇ ಇಲ್ಲವೆಂಬಂತೆ ಕೂತ. ಕತ್ತಿನ ನರ ಉಬ್ಬಲಿಲ್ಲ. ಮಾಲಾ ಅವನ ಭುಜದ ಮೇಲೆ ಅಂಗೈ ಇಟ್ಟು, ತಾತಾ, ಪ್ರಯತ್ನ ಮಾಡಿ ಎಂದು ಎಷ್ಟೋ ಹೊತ್ತು ಬೇಡಿದಳು. ಅಂಗೈ ಕೆಳಗೆ ಏನೂ ಇರಲಿಲ್ಲ, ಬರೀ ಮಾಂಸ ಎಂದು ಆಮೇಲೆ ಹೇಳಿದಳು. ಬಲಗಡೆ ರಂಜಿತಾ ಕೂತು ನೋಡಿದಳು. ಅವನು ಅವಳ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದ. ಪಾಲಮ್ಮನನ್ನು ಕರೆದು ಎಡಗಡೆ ಕೂರಿಸಿದರು. ಅವನು ತಲೆಯನ್ನು ಬಲಕ್ಕೆ ಹೊರಳಿಸಿ ಖಾಲಿ ಜಾಗ ನೋಡುತ್ತಾ ಉಳಿದ.

ಕೊನೆಗೆ ಪಾಲಮ್ಮ ಬಲಗಡೆಗೇ ಬಂದು ಕೂತಳು. ಈ ಸಲ ಕಂಬಳಿಯಿಲ್ಲ. ಮಾಲಾಳ ಅಂಗೈ ಅವನ ಭುಜದ ಮೇಲೆಯೇ ಇತ್ತು. ಟೀಚರಮ್ಮ ಹೇಳಿದಳು, ಪಾಲಮ್ಮನ ಕೈ ಎದ್ದಿತು, ಮಾಲಾ ಕತ್ತೆತ್ತಿ ನಮ್ಮ ಕಡೆ ನೋಡಿದಳು.

"ಇಲ್ಲಿ ಮಿಡೀತೈತೆ" ಎಂದಳು. "ಸ್ವಲ್ಪಾನೇ, ಆದ್ರೆ ಐತೆ. ಅಜ್ಜಿ ಕೈ ಏಳೋಕ್ಕಿಂತ ಒಂಚೂರು ಮುಂಚೆ."

ಇನ್ನೂ ಕೆಲವು ಬಾರಿ ಮಾಡಿಸಿದಳು. ಪ್ರತಿ ಬಾರಿಯೂ ಹಾಗೆಯೇ. ಒಮ್ಮೆ ಅವನು ದಣಿದು ಪ್ರಯತ್ನ ಬಿಟ್ಟಾಗ ಟೀಚರಮ್ಮ ಎಷ್ಟು ಹೇಳಿದರೂ ಪಾಲಮ್ಮನ ಕೈ ಅಲುಗಲಿಲ್ಲ. ಅಂದರೆ ಅಷ್ಟು ದಿನಗಳ ವರದಿ ಪೂರ್ತಿ ಸುಳ್ಳೂ ಆಗಿರಲಿಲ್ಲ. ಅವನು ಪ್ರಯತ್ನಿಸಿದ್ದು ನಿಜ. ಆ ಪ್ರಯತ್ನ ಅವನ ಕೈಗೆ ಹೋಗಿ ಸೇರುವ ಮೊದಲೇ ಅವಳ ಕೈಯಲ್ಲಿ ಮುಗಿದುಹೋಗುತ್ತಿತ್ತು. ಅವಳ ಕೈ ಎದ್ದ ಕೂಡಲೇ ಅವನ ಭುಜ ಸಡಿಲವಾಗುತ್ತಿತ್ತು, ಮಗ್ಗದಲ್ಲಿ ಲಾಳಿ ದಾಟಿದ ಮೇಲೆ ಆಗುವಂತೆ.

ಕೈಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಮಾಲಾ ಪಾಲಮ್ಮನಿಗೆ ಹೇಳಿದಳು. ಹಿಡಿದುಕೊಂಡಳು, ಎಡಗೈಯನ್ನೂ ಎಳೆದುಕೊಂಡು ಬಲಗೈ ಮೇಲೆದ್ದಿತು. ತೊಡೆಯ ಕೆಳಗೆ ಇಟ್ಟುಕೊಂಡಳು. ಹೊತ್ತು ಬರುತ್ತಲೇ ಅವಳ ಮೈಯೇ ಒಂದು ಕಡೆ ಎದ್ದು ಕೈ ಹೊರಗೆ ಬಂತು. ದೇವೇಂದ್ರ ಅಮ್ಮನ ಕೈ ಹಿಡಿಯಲು ಹೋದಾಗ ಅವಳು ಕೊಸರಿಕೊಂಡು ಎದ್ದಳು.

"ನನ್ನ ಕೈ ಹಿಡಿಯಾಕೆ ಬರ್ತೀಯೇನೋ? ನಿನ್ನ ಕೈ ಹಿಡಿದು ನಡೆಯಾಕೆ ಕಲ್ಸಿದೋಳು ನಾನು."

ಹೀಗಾಗಿ ಅವಳು ಬಳಿಯಿದ್ದರೆ ಅವನ ಕೈ ಏಳುವುದಿಲ್ಲ, ಇಲ್ಲದಿದ್ದರೆ ಏಳಬೇಕೆಂಬ ಪ್ರಯತ್ನವೇ ಹುಟ್ಟುವುದಿಲ್ಲ. ಮಾಲಾ ಸುಸ್ತಾಗಿ ನೆಲದ ಮೇಲೆ, ಮಗ್ಗದ ಗುಂಡಿಯ ಅಂಚಿನಲ್ಲಿ ಕೂತಳು. ಗಡುವಿಗೆ ಇನ್ನು ಬಹಳ ದಿನ ಉಳಿದಿರಲಿಲ್ಲ. ಗುರುವಾರ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಏನಾದರೂ ದಾರಿ ಕಾಣದಿದ್ದರೆ ಟ್ಯಾಬನ್ನು ನನ್ನಿವಾಳದ ಇನ್ನೊಬ್ಬ ರೋಗಿಗೆ ಕೊಡಬೇಕಾಗುತ್ತದೆ ಎಂದು ದೇವೇಂದ್ರನಿಗೆ ಹೇಳಿ ಹೊರಟಳು. ಹೊರಡುವಾಗ ಪಾಲಮ್ಮನಿಗೂ ಏನೋ ಹೇಳಲು ನಿಂತಳು. ಪಾಲಮ್ಮ ಒಲೆಯ ಕಡೆ ಮುಖ ಮಾಡಿದ್ದಳು.

ಆ ದಿನ ಗೋಡೆಯಾಚೆಯಿಂದ ಪಾತ್ರೆಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ರಂಜಿತಾ ಮತ್ತೆ ನನ್ನ ಬಾಗಿಲಿಗೆ ಬಂದು, ಅತ್ತೆ ನಿಮ್ಮನ್ನು ಕರೆಯುತ್ತಿದ್ದಾರೆ, ಸಾಕ್ಷಿ ಬೇಕಂತೆ ಎಂದಳು. ಯಾವುದಕ್ಕೆ ಸಾಕ್ಷಿಯೆಂದು ಅವಳಿಗೂ ತಿಳಿದಿರಲಿಲ್ಲ.

ಹೊನ್ನೂರಸ್ವಾಮಿ ಮಂಚದ ಮೇಲೆ ಕೂತಿದ್ದ. ಪಾಲಮ್ಮ ಅವನ ಬಲಗಡೆ ಕೂತಿದ್ದಳು. ಮಗ್ಗದ ಮೇಲಿನ ಸೀರೆಗೆ ಹೊದಿಸಿದ್ದ ಹಳೆಯ ಪಂಚೆ ಅಲ್ಲಿರಲಿಲ್ಲ. ಅದನ್ನು ಉದ್ದುದ್ದಕ್ಕೆ ಹರಿದು ಪಟ್ಟಿ ಮಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅಂಚು ಅರ್ಧಕ್ಕೆ ನಿಂತ ಸೀರೆ ಬರಿದಾಗಿ ಬೆಳಕಿಗೆ ಬಿದ್ದಿತ್ತು. ನಾನು ಬಂದದ್ದನ್ನು ಅವಳು ಒಂದು ನೋಟದಲ್ಲಿ ಗಮನಿಸಿದಳು.

"ಮೇಡಮ್ಮೋರೆ, ನೀವು ಅಲ್ಲೇ ನಿಂತ್ಕೊಳ್ರಿ. ನಾಳೆ ಇವಳು ಅತ್ತೇನ ಕಟ್ಟಾಕಿದ್ಲು ಅಂತ ಬೀದಿಯಾಗೆ ಯಾರಾದ್ರೂ ಅಂದ್ರೆ ನೀವು ಹೇಳ್ಬೇಕು."

ಆಮೇಲೆ ಬಳೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟಳು. ಬಲಗೈಯನ್ನು ಮುಂದೆ ಚಾಚಿ ಸೊಸೆಗೆ ಕೊಟ್ಟಳು.

"ಕಟ್ಟು" ಎಂದಳು. "ಮಂಚದ ಕಾಲಿಗೆ."

ರಂಜಿತಾ ಕೈ ಮುಟ್ಟಲು ಹಿಂಜರಿದಳು. ಅತ್ತೆಯ ಕೈಯಲ್ಲಿದ್ದ ಒಂದು ಸೌಟನ್ನೂ ಮುಟ್ಟಿದವಳಲ್ಲ ಅವಳು. ಹೊನ್ನೂರಸ್ವಾಮಿ ವದ್ದು ಎಂದ. ಪಾಲಮ್ಮ ಅವನ ಕಡೆ ತಿರುಗದೆ, "ನೀ ನಿನ್ನ ಕೆಲ್ಸ ನೋಡು" ಎಂದಳು. ರಂಜಿತಾ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ತಂದು ಒಂದು ಗಂಟು ಹಾಕಿದಳು.

"ಇದು ಗಂಟಾ? ಎಳೆದ್ರೆ ಬಿಚ್ಚಿಕೊಳ್ತದೆ" ಎಂದಳು ಪಾಲಮ್ಮ. ಎಡಗೈ ಗಂಟಿನ ಕಡೆಗೆ ಹೊರಟಿತು, ತಾನೇ ಸರಿಮಾಡಲು. ಅರ್ಧ ದಾರಿಯಲ್ಲಿ ನಿಂತಿತು. ಅವಳು ಅದನ್ನು ವಾಪಸು ಮಡಿಲಿಗೆ ತಂದಿಟ್ಟುಕೊಂಡಳು. "ನೀನೇ ಬಿಚ್ಚು, ನೀನೇ ಕಟ್ಟು. ನಾನು ಎಳೆದರೂ ಬರಬಾರ್ದು, ಬೈದರೂ ಬಿಚ್ಚಬಾರ್ದು."

ರಂಜಿತಾ ಬಿಚ್ಚಿ ಮತ್ತೆ ಕಟ್ಟಿದಳು. ಟ್ಯಾಬನ್ನು ಒತ್ತಿದಳು. ಟೀಚರಮ್ಮ ಬಂದು ಎಂದಿನಂತೆ ನಮಸ್ಕರಿಸಿ, ಬಲಗೈಯನ್ನು ನಿಧಾನವಾಗಿ ಮೇಲಕ್ಕೆತ್ತಿ ಎಂದಳು. ಹೊನ್ನೂರಸ್ವಾಮಿಯ ಕತ್ತಿನ ನರ ಉಬ್ಬಿತು. ಪಟ್ಟಿ ಬಿಗಿಯಾಯಿತು, ಮಂಚದ ಕಾಲು ಕಿರುಗುಟ್ಟಿತು, ಗಂಟು ಬಿಚ್ಚಿಕೊಳ್ಳಲಿಲ್ಲ. ಅವನು ಕಾದ. ಎಂದೂ ಬರದೆ ಉಳಿಯದ ಕೈ ಈ ಸಲ ಬರಲಿಲ್ಲ. ಅವನು ತಲೆ ಬಗ್ಗಿಸಿ ಮಂಚದ ಕಾಲನ್ನು ನೋಡಿದ, ಆಮೇಲೆ ತೊಡೆಯ ಮೇಲಿದ್ದ ತನ್ನ ಕೈಯನ್ನು ನೋಡಿದ.

ಪರವಾಗಿಲ್ಲ, ಮತ್ತೆ ಪ್ರಯತ್ನಿಸೋಣ ಎಂದಿತು ಯಂತ್ರ. ಆ ಬೆಳಿಗ್ಗೆ ಅದು ಯಾರನ್ನೂ ಹೊಗಳಲಿಲ್ಲ. ಮುಗಿದ ಮೇಲೆ ರಂಜಿತಾ ಗಂಟು ಬಿಚ್ಚಲು ಬಗ್ಗಿದಳು. ಪಾಲಮ್ಮನ ಮಣಿಕಟ್ಟಿನ ಸುತ್ತ ಕೆಂಪು ಗೆರೆ ಎದ್ದಿತ್ತು.

"ಇರ್ಲಿ ಬಿಡೇ, ಟೀಚರಮ್ಮನ್ನ ಇನ್ನೊಂದು ಸಲ ಹಾಕು" ಎಂದಳು ಪಾಲಮ್ಮ. "ಸಾರು ಒಲೆ ಮೇಲೆ ಐತೆ. ಹೋಗಿ ಉಪ್ಪು ಹಾಕಿ ಬಾ."